ಹತ್ತು ತೇತ್ರಿ

ನಮ್ಮ ಲಿಫ್ಟಿಗೆ ಕಾಸು ಹಾಕಬೇಕು.
ಟಿಬಿಲಿಸಿಯ ಈ ಹಳೆಯ ಹದಿನಾರಂತಸ್ತಿನಲ್ಲಿ
ಮೇಲೇರುವುದು ಯಾರಿಗೂ ಪುಕ್ಕಟೆಯಲ್ಲ.
ಹತ್ತು ತೇತ್ರಿಯ ಒಂದು ಬಿಲ್ಲೆ
ತಗಡಿನ ಡಬ್ಬಿಯ ಬಾಯಿಗೆ.
ಇಳಿಯುವುದು ಮಾತ್ರ ಬಿಟ್ಟಿ.

ಬೆಝಾನ್ ರೊಟ್ಟಿ ಸುಡುವವನು.
ರಾತ್ರಿ ಮೂರಕ್ಕೆದ್ದು ಹೋಗಿ
ಬಾವಿಯಂಥ ಒಲೆಯೊಳಗೆ ಸೊಂಟದತನಕ ಬಗ್ಗಿ
ಕಾದ ಗೋಡೆಗೆ ಹಿಟ್ಟು ಬಡಿಯುತ್ತಾನೆ.
ನಾನು ಮೆಟ್ರೋ ಓಡಿಸುವವಳು,
ಮಧ್ಯಾಹ್ನ ಎರಡರಿಂದ ಕೊನೆಯ ರೈಲಿನತನಕ.
ನಿನಗೂ ಬಿಲ ನನಗೂ ಬಿಲ, ಅನ್ನುತ್ತಾನೆ,
ಹೆಗ್ಗಣಗಳ ಸಂಸಾರ ನಮ್ಮದು.

ನಾನು ಬಂದಾಗ ಅವನಿಗೆ ನಿದ್ದೆ,
ಅವನು ಎದ್ದಾಗ ನನಗೆ.
ನಡುವೆ ಎರಡು ವರ್ಷದ ಗೆಗಾ
ಕಾಲು ಅಪ್ಪನ ಪಕ್ಕೆಗೆ, ತಲೆ ನನ್ನ ಹೊಟ್ಟೆಗೆ,
ಅಡ್ಡಡ್ಡ ಮಲಗಿ ಗಡಿ ಕಾಯುತ್ತಾನೆ.

ಪ್ರೇಮಪತ್ರಗಳೆಲ್ಲ ಫ್ರಿಜ್ಜಿನ ಬಾಗಿಲ ಮೇಲೆ:
ನುತ್ಸಾಗೆ ಕೆಮ್ಮಿನ ಔಷಧಿ, ಎರಡು ಚಮಚ.
ಗ್ಯಾಸಿನ ಬಿಲ್ಲು ಕಟ್ಟಿದೆ.
ಹಲ್ಲಿನ ಡಾಕ್ಟರು ಗುರುವಾರ, ನೀನಾ ನಾನಾ?
ಒಮ್ಮೆ ಮಾತ್ರ, ಅವನ ಸೊಟ್ಟ ಅಕ್ಷರದಲ್ಲಿ:
ಹುದುಗು ಹಿಟ್ಟನ್ನಾದರೂ ದಿನಕ್ಕೊಮ್ಮೆ
ಮುಟ್ಟುತ್ತೇವೆ, ಖಾತುನಾ.
ಅದರ ಕೆಳಗೆ ನಾನು ಬರೆದೆ: ಹಾಲು ಮುಗಿದಿದೆ.

ಫೆಬ್ರವರಿಯ ಒಂದು ರಾತ್ರಿ
ಕೋಟಿನ ಜೇಬೆಲ್ಲ ತಡಕಿದರೂ ಬಿಲ್ಲೆಯಿಲ್ಲ.
ಹನ್ನೊಂದು ಮಹಡಿ. ಮಂಡಿ ನೋವು.
ಫೋನು ಮಾಡಿದೆ.
ಬಂದ,
ಪೈಜಾಮದ ಮೇಲೆ ನನ್ನದೇ ಸ್ವೆಟರು ಸಿಕ್ಕಿಸಿಕೊಂಡು,
ಕಣ್ಣು ಇನ್ನೂ ಹಾಸಿಗೆಯಲ್ಲಿ,
ಮುಷ್ಟಿಯಲ್ಲಿ ಒಂದೇ ಒಂದು ಬಿಲ್ಲೆ.

ಬಾಗಿಲು ಮುಚ್ಚಿತು.
ಮೊಣಕೈ ತನಕ ಕೂದಲು ಸುಟ್ಟ ಅವನ ತೋಳು
ಒಲೆ ಆರಿದ ಮೇಲಿನ ವಾಸನೆ.
ಎಷ್ಟು ದಿನವಾಗಿತ್ತು ಮೂಸಿ!
ನನ್ನ ಕೊರಳಲ್ಲಿ ಹಳಿಯ ಧೂಳು,
ಇರಲಿ ಬಿಡು, ಅಂದ, ಅಲ್ಲೇ ಬಾಯಿಟ್ಟು.
ಐವತ್ತೆರಡು ಸೆಕೆಂಡು.
ನಿಲ್ದಾಣದಿಂದ ನಿಲ್ದಾಣಕ್ಕೆ ಹೊತ್ತು ಎಣಿಸುವುದೇ
ನನ್ನ ಕಸುಬು, ತಪ್ಪುವುದಿಲ್ಲ.

ಹನ್ನೊಂದು ಬಂತು. ಬಾಗಿಲು ತೆರೆದು
ಸಾಲ ಕೇಳಲು ಬಂದವರ ಹಾಗೆ ಸುಮ್ಮನೆ ನಿಂತಿತು.
ಇಬ್ಬರೂ ಇಳಿಯಲಿಲ್ಲ.
ಯಾರ ಬೆರಳೋ ಗೊತ್ತಿಲ್ಲ,
ನೆಲಮಹಡಿಯ ಗುಂಡಿ ಒತ್ತಿತು.

ಕೆಳಗೆ ಬಂದ ಮೇಲೆ ಹೊಳೆಯಿತು
ಇನ್ನೊಂದು ಬಿಲ್ಲೆಯಿಲ್ಲವೆಂದು.

ಹತ್ತಿದೆವು, ಬೂಟು ಕೈಯಲ್ಲಿ ಹಿಡಿದು,
ನಗು ತಡೆಯಲು ಅವನ ತೋಳು ಕಚ್ಚಿಕೊಂಡು.
ಏಳನೆಯದರಲ್ಲಿ ತ್ಸಿಯಾಲಾಳ ನಾಯಿ ಬೊಗಳಿತು.
ಮನೆ ಬಾಗಿಲಲ್ಲಿ ನುತ್ಸಾ, ಕಂಬಳಿ ಹೊದ್ದು:
ಎಲ್ಲಿ ಹೋಗಿದ್ದಿರಿ?
ಕಸ ಚೆಲ್ಲೋದಕ್ಕೆ.
ಇಬ್ಬರೂನಾ?

ಆಮೇಲಿನಿಂದ ಮೊಸರಿನ ಗಾಜಿನ ಭರಣಿಯಲ್ಲಿ
ಬಿಲ್ಲೆ ಕೂಡಿಸುತ್ತೇವೆ.
ತನ್ನ ಸೈಕಲ್ಲಿಗೆಂದು ತಿಳಿದು ನುತ್ಸಾ
ಆಗಾಗ ಅಲ್ಲಾಡಿಸಿ ನೋಡುತ್ತಾಳೆ.
ದಿನಾ ಇಲ್ಲ. ವಾರಕ್ಕೊಮ್ಮೆ ಆದರೆ ಹಬ್ಬ.
ಎಷ್ಟೋ ರಾತ್ರಿ ಅವನ ಗೊರಕೆ ಕೇಳಿ
ಚಪ್ಪಲಿ ಸದ್ದು ಮಾಡದೆ ಒಳಗೆ ಬಂದಿದ್ದೇನೆ;
ಮೂರಕ್ಕೆ ಏಳಬೇಕಾದವನ ನಿದ್ದೆ
ಹತ್ತು ತೇತ್ರಿಗಿಂತ ದುಬಾರಿ.
ಒಮ್ಮೆ ಬರೀ ಜಗಳ, ಅವನ ತಮ್ಮನಿಗೆ ಕೊಟ್ಟ ದುಡ್ಡಿಗೆ,
ಮೂರು ಸಲ ಮೇಲೆ, ಮೂರು ಸಲ ಕೆಳಗೆ,
ಮಕ್ಕಳಿಗೆ ಕೇಳಿಸದ ಹಾಗೆ, ಮನಸಾರೆ.
ಅದೂ ಬೇಕಿತ್ತು.

ಈಗ ಕಮಿಟಿಯವರು ನೋಟೀಸು ಅಂಟಿಸಿದ್ದಾರೆ:
ಮೇ ತಿಂಗಳಿಂದ ಡಬ್ಬಿ ಇಲ್ಲ, ಕಾರ್ಡು.
ಯಾವ ಮನೆಯವರು ಯಾವ ಹೊತ್ತಲ್ಲಿ ಎಷ್ಟು ಸಲ,
ಎಲ್ಲಕ್ಕೂ ಲೆಕ್ಕವಿರುತ್ತದಂತೆ.
ಬೇಡವೆಂದು ಸಹಿ ಹಾಕಿದ್ದು ನಾವಿಬ್ಬರೇ ಅಂದುಕೊಂಡೆ.
ಕೆಳಗೆ ಮೂರನೆಯ ಸಹಿ, ನಡುಗುವ ಕೈಯದು:
ತ್ಸಿಯಾಲಾ, ಏಳನೇ ಮಹಡಿ.
ಅವಳು ಹೊರಗೆ ಹೋಗುವುದನ್ನು
ಯಾರೂ ಕಂಡಿಲ್ಲ ವರ್ಷಗಳಿಂದ.

ಈ ರಾತ್ರಿ ಕೊನೆಯ ರೈಲು ಖಾಲಿ.
ಸುರಂಗ ತಿರುಗುವಲ್ಲಿ ವೇಗ ಇಳಿಸಿ
ಕೋಟಿನ ಜೇಬಿಗೆ ಕೈ ಹಾಕಿ ನೋಡಿದೆ:
ಇದೆ.
ಎರಡಿವೆ.