ಮಗ್ಗ ಕಾಣದ ಕಂಬಳಿ

ನರೀನ್ ಪಟ್ಟಣದ ಸೂಲಗಿತ್ತಿ ಶಾಲೆಯಲ್ಲಿ
ಮೌಖಿಕ ಪರೀಕ್ಷೆಯ ದಿನ ನಾನು ತಡವರಿಸಿದ್ದು ಇಲ್ಲೇ.
ನಯಸ್ನಾಯುವಿಗೆ ಪಟ್ಟೆಗಳಿಲ್ಲ, ಎಂದೆ.
ಇಲ್ಲದ್ದು ಬಿಡು, ಇರುವುದು ಹೇಳು, ಎಂದರು
ಕಾನಿಶಾಯ್ ಮೇಡಂ, ಕನ್ನಡಕ ಒರೆಸುತ್ತ.
ನಪಾಸು.

ಉತ್ತರ ಸಿಕ್ಕಿದ್ದು ಬೇಸಗೆಯ ಕೊನೆಗೆ, ಹುಲ್ಲುಗಾವಲಲ್ಲಿ,
ಅಜ್ಜಿ ಗುಡಾರದ ಗೋಡೆ ಮಡಚುವಾಗ:
ಓರೆಯೋರೆಯಾಗಿ ಹಾಯ್ದ ವಿಲೋ ಕಡ್ಡಿ,
ಕೂಡಿದಲ್ಲೆಲ್ಲ ಹಸಿದೊಗಲ ಗಂಟು.
ಗಂಟು ಬಿಚ್ಚುವುದಿಲ್ಲ. ಕಡ್ಡಿಗೆ ಕಡ್ಡಿ ಒತ್ತಿಕೊಂಡು
ನಾಲ್ಕು ಮಾರಿನ ಗೋಡೆ
ಅಜ್ಜಿಯ ತೆಕ್ಕೆಗೆ ಬಂತು.

ಆ ಕಣವೂ ಹೀಗೇ:
ಎರಡೂ ತುದಿ ಚೂಪು, ನಡುವೆ ಒಂದೇ ಬೀಜ,
ಒಳಗೆ ಓರೆ ಎಳೆಗಳು, ಅಲ್ಲಲ್ಲಿ ಗಂಟು.
ಕ್ಯಾಲ್ಸಿಯಂ ಒಳನುಗ್ಗಿದರೆ
ಎಳೆ ಎಳೆಯನ್ನು ಜಗ್ಗಿ
ಹಿಂಡಿದ ಒದ್ದೆ ಬಟ್ಟೆಯಂತೆ ಕಣ ಮುರುಟುತ್ತದೆ,
ಬೀಜವೂ ತಿರುಚಿಕೊಳ್ಳುತ್ತದೆ.
ಅವಸರವಿಲ್ಲ ಅದಕ್ಕೆ.
ತೋಳಿನ ಸ್ನಾಯು ಕುದುರೆ: ಹೇಳಿದೊಡನೆ ಓಡಿ ನೊರೆಗರೆಯುತ್ತದೆ.
ಇದು ಯಾಕ್. ಹೊರೆ ಹೊತ್ತು
ಒಂದು ಹಿಡಿ ಹುಲ್ಲಿನಲ್ಲಿ
ಇರುಳೆಲ್ಲ ನಿಂತೇ ಇರುತ್ತದೆ.

ಹಾಸಿಲ್ಲ, ಹೊಕ್ಕಿಲ್ಲ.
ಬಿಸಿನೀರು ಸುರಿದು ಅಮ್ಮ ತುಳಿದುರುಳಿಸಿದ ಉಣ್ಣೆಯ ಹಾಗೆ
ಎಲ್ಲ ದಿಕ್ಕಿಗೂ ಹೊರಳಿದ ನಾರು, ನಾರಿನ ಸಂದಿಯಲ್ಲಿ
ನುಸುಳಿ ಹೋಗುವ ರಕ್ತನಾಳ.

ಇದು ಯಾಕೆ ಹೇಳುತ್ತಿದ್ದೇನೆ ಎಂದರೆ
ಜನವರಿಯಲ್ಲಿ, ಕಣಿವೆದಾರಿ ಹಿಮದಡಿ ಮುಚ್ಚಿದ ರಾತ್ರಿ
ಝಿಪಾರ್ ಹೆತ್ತಳು. ಮಾಸು ಬಿತ್ತು. ರಕ್ತ ನಿಲ್ಲಲಿಲ್ಲ.
ಇದ್ದೊಂದು ಚುಚ್ಚುಮದ್ದು ಕೊಟ್ಟಾಯಿತು.
ಹೊಕ್ಕುಳ ಬಳಿ ಕೈಯಿಟ್ಟರೆ ಗರ್ಭಕೋಶ
ನಾದಿಟ್ಟ ಹಿಟ್ಟು.
ಬಿಗಿ ಹಿಡಿ ಎಂದು ಅವಳಿಗೆ ಹೇಳುವಂತಿಲ್ಲ,
ಅವಳ ಮಾತನ್ನೇ ಕೇಳದ ಸ್ನಾಯು ಅದು.
ಉಜ್ಜಿದೆ. ಅಂಗೈ ಉರಿಯುವವರೆಗೆ, ಉಣ್ಣೆ ತಿಕ್ಕಿದಂತೆ,
ಉಜ್ಜಿದೆ, ಉಜ್ಜಿದೆ,
ಅತ್ತೆ ದೀಪ ಹಿಡಿದು ಅಳುತ್ತಿದ್ದಳು,
ಅಲುಗಾಡಬೇಡ ಎಂದು ಬೈದೆ.

ಆಗ, ಕೈಯಡಿಯಲ್ಲಿ,
ಯಾರೋ ಒಳಗಿನಿಂದ ಗೋಡೆ ಮಡಚಿದರು.
ಮುಷ್ಟಿಗಾತ್ರ. ಕಲ್ಲು.
ಒಂದೊಂದು ನಾರೂ ತನ್ನ ನಾಳಕ್ಕೆ ಗಂಟು ಹಾಕಿತ್ತು.

ನನ್ನ ತೋಳಿನ ರೋಮ ನೆಟ್ಟಗೆ ನಿಂತಿತ್ತು.
ಅದನ್ನೆತ್ತುವುದೂ ಅದೇ ಜಾತಿಯ ಸ್ನಾಯು, ಕೂದಲಿಗೊಂದು,
ಎಂದು ನೆನಪಾಗಿದ್ದು ಆಮೇಲೆ,
ಉಪ್ಪುಚಹಾ ಕುಡಿಯುವಾಗ.

ಅಷ್ಟರಲ್ಲಿ ಮಗು ಅತ್ತೆಯ ಹೊಸ ಕಂಬಳಿಯ ಮೇಲೆ
ಕರ್ರಗೆ, ಡಾಂಬರಿನಂತೆ, ತನ್ನ ಮೊದಲ ಹೇಲು ಹೇತಿತು.
ಯಾರೂ ಕಲಿಸಿರಲಿಲ್ಲ.
ಮೇಡಂ, ಇರುವುದು ಇದು.