ಎರಡು ಬೆರಳು

ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ
ಮುನಾವರ್ ಎರಡು ಬೆರಳು ತೂರಿಸಿ ತೋರಿಸಿದ:
'ಇಷ್ಟೇ ಸಂದು. ಸಾಕಾ?'
ಮೊದಲು ಅಲ್ಲಿ ಇಡೀ ಮುಷ್ಟಿ ಹಿಡಿಯುತ್ತಿತ್ತು,
ಮಳೆ ಬಂದರೆ ಬೆಕ್ಕು ಮಲಗುತ್ತಿತ್ತು.

ಗುತ್ತಲು ರಸ್ತೆಯ ತಗಡಿನ ಶೆಡ್ಡು, ಭಾನುವಾರ.
ಕೊಯಮತ್ತೂರಿನ ಯಾವನೋ ರ‍್ಯಾಲಿ ಹುಡುಗ
ಎರಡು ಸೀಸನ್ ಓಡಿಸಿ ಮಾರಿದ ಕಾಯಿಲೋವರು,
ನೀಲಿ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ,
ತಿರುಪಿನ ಸುತ್ತುಗಳಲ್ಲಿ ಕಾಣದ ಊರಿನ ಕೆಮ್ಮಣ್ಣು.
ಹಲ್ಲುಜ್ಜುವ ಬ್ರಶ್ಶಿನಲ್ಲಿ ನಾನೇ ತಿಕ್ಕಿದೆ.
ಹಳೆಯ ಸ್ಪ್ರಿಂಗು ಕಳಚುವಾಗ 'ದೂರ ನಿಲ್ಲಿ' ಅಂದ.
ಹನ್ನೊಂದು ವರ್ಷ ಒತ್ತಿಕೊಂಡೇ ಬದುಕಿದ್ದು,
ಬಿಟ್ಟರೆ ಯಾರ ಮುಖಕ್ಕೆ ಹಾರುತ್ತೋ.

ದುಡ್ಡು, ಕಾರಿನ ಬೆಲೆಯ ಮೂರರಲ್ಲೊಂದು.
ಮನೆಯಲ್ಲಿ ಹೇಳಿದ್ದು ಅದರ ಮೂರರಲ್ಲೊಂದು.

ಸೋಮವಾರ ಐದೂವರೆಗೆ ಸ್ಯಾಂಪಲ್ ತರಲು ಹೊರಟೆ.
ಅದೇ ನನ್ನ ಕೆಲಸ: ಒಂಬತ್ತು ಊರು, ಒಂಬತ್ತು ಡೈರಿ,
ಹಿಂದಿನ ಸೀಟಿನಲ್ಲಿ ಬಿರಡೆ ಬಿಗಿದ ಹಾಲಿನ ಬಾಟಲಿ.
ಹುಲಿವಾನದ ತಿರುವಿನಲ್ಲಿ ಕಾರು ವಾಲಲಿಲ್ಲ.
ಹೇಳಿದ್ದು ಕೇಳಿತು; ಹೇಳುವ ಮೊದಲೇ ಕೇಳಿತು.
ನಾಲೆ ಏರಿಯ ಮೇಲೆ ಒಬ್ಬನೇ ನಕ್ಕೆ.
ಆಮೇಲೆ ಹಂಪು ಬಂತು.

ನಮ್ಮ ಕಡೆ ಹಂಪಿಗೆ ಎಂಜಿನಿಯರು ಬೇಕಿಲ್ಲ.
ಕರು ಸತ್ತರೆ ಒಂದು, ಮಗು ಬಿದ್ದರೆ ಎರಡು,
ಎದುರು ಮನೆಯವನಿಗೆ ಇದೆಯೆಂದು
ಇವನ ಮನೆ ಮುಂದೆ ಇನ್ನೊಂದು.
ಕೊಡ ಹೊತ್ತವಳು ಬದು ಇಳಿವ ಹಾಗೆ
ಓರೆಯಾಗಿ ಹತ್ತಬೇಕು, ಉಸಿರು ಕಟ್ಟಿ.
ಆದರೂ ಹೊಟ್ಟೆಯಡಿ ಕರ್‌ರೆಂದಿತು,
ನನ್ನ ಹಲ್ಲೇ ಜಲ್ಲಿಗೆ ಉಜ್ಜಿದಂತೆ.

ಈಗ ರಸ್ತೆ ನೇರ ಬೆನ್ನಿಗೇ ವರದಿ ಒಪ್ಪಿಸುತ್ತದೆ:
ಇಲ್ಲಿ ಪೈಪಿಗೆ ಅಗೆದು ಮುಚ್ಚಿದ್ದಾರೆ,
ಇಲ್ಲಿ ಮುಚ್ಚಿದ್ದೇವೆಂದು ಬಿಲ್ಲು ಮಾಡಿದ್ದಾರೆ,
ಇಲ್ಲಿಂದ ಬೇರೆ ಕಂಟ್ರಾಕ್ಟರು.
ಟ್ರ್ಯಾಕ್ಟರು ಉದುರಿಸಿದ ಕಬ್ಬಿನ ಜಲ್ಲೆಗೆ
ಎಷ್ಟು ಗೆಣ್ಣೆಂದು ಕೂತಲ್ಲೇ ಎಣಿಸಬಹುದು.

ಲ್ಯಾಬಿನಲ್ಲಿ ಶಶಿರೇಖಾ ಮೇಡಂ
ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.
ಬಿರಡೆಯ ಸುತ್ತ ಹಳದಿ ಕಾಳು ಕಾಳು.
'ಏನ್ರೀ, ಮಜ್ಜಿಗೆ ಕಡೆದು ತಂದಿದ್ದೀರಾ?'
ಬೆಣ್ಣೆಯೆಲ್ಲ ಮೇಲೆ ಹೋಗಿ ಕೂತ ಹಾಲಿಗೆ
ಅಂದು ಒಂಬತ್ತೂ ಊರಲ್ಲಿ ಫ್ಯಾಟು ಕಮ್ಮಿ.
ಬಸರಾಳಿನ ಕೆಂಪಾಜಮ್ಮನಿಗೆ ಲೀಟರಿಗೆ ನಾಲ್ಕು ರೂಪಾಯಿ ಖೋತಾ.
ಮರುದಿನ ಅವಳು ಸೊಂಟ ಬಗ್ಗಿಸಿ
ನನ್ನ ಕಾರಿನಡಿ ಇಣುಕಿ ನೋಡಿ ಎದ್ದಳು:
'ನನ್ನೆಮ್ಮೆ ಸುಳ್ಳಾಡಕ್ಕಿಲ್ಲ ಕಣಪ್ಪ. ನಿನ್ ಗಾಡಿ ಆಡ್ತದೆ.'

ಸಂಜೆ ಬಾನೆಟ್ ಎತ್ತಿ ಗುಂಡಿ ತಿರುಗಿಸಿದೆ.
ಕ್ಲಿಕ್, ಕ್ಲಿಕ್. ಹದಿನಾರರಿಂದ ಹತ್ತು, ಹತ್ತರಿಂದ ಆರು.
ಕುಡುಗೋಲಿನಂಥ ಪಾನ ಹಿಡಿದು ಕಾಲರ್ ಸುತ್ತಿಸಿ
ಎರಡು ಬೆರಳನ್ನು ಮೂರು ಮಾಡಿದೆ.
ಮುನಾವರ್ ಟೀ ಆರಿಸುತ್ತಾ ಅಂದ:
'ಇನ್ನೆರಡು ಎತ್ತಿದ್ರೆ ಕಂಪನಿ ಸ್ಪ್ರಿಂಗೇ ಇತ್ತಲ್ಲ, ಸಾರ್.'
ಉತ್ತರ ಹೊಳೆಯಲಿಲ್ಲ. ಇವತ್ತಿಗೂ.

ಚಳಿಯ ಬೆಳಗು ಎಡಗಡೆಯಿಂದ ಟಕ್ ಎನ್ನುತ್ತದೆ,
ಬಿಸಿಯಾದರೆ ಸುಮ್ಮನಾಗುತ್ತದೆ.
ಹಂಪು ಕಂಡರೆ ನಾಗರತ್ನ ಸೀಟಿನಿಂದ ಅರೆ ಏಳುತ್ತಾಳೆ,
ಹಿರಿಯರು ಒಳಗೆ ಬಂದಾಗ ಏಳುವ ಹಾಗೆ.
ಬಿಲ್ಲು ಕೈಗೆ ಸಿಕ್ಕ ದಿನ ಅವಳು ಏನೂ ಅನ್ನಲಿಲ್ಲ.
ಮಂಚದಡಿಯಿಂದ ಹಳೆಯ ಸ್ಪ್ರಿಂಗು ಎಳೆದು,
ಸೀಗೆಪುಡಿ ಹಾಕಿ ಉಜ್ಜಿ,
ನೀರಿನ ಮಡಕೆಗೆ ಸಿಂಬೆ ಮಾಡಿದಳು.
ಅಲುಗುವುದಿಲ್ಲ. ನನ್ನನ್ನು ಹೊತ್ತದ್ದಕ್ಕೆ ಮಡಕೆ ಯಾವ ಭಾರ.

ಈಗ ಬಾಟಲಿಗಳ ಕೆಳಗೆ ನಾಲ್ಕು ಮಡಿಕೆಯ ಕಂಬಳಿ.
ಹೋಗುವಾಗ ಆರು ಕ್ಲಿಕ್ಕು, ಎಮ್ಮೆಯ ಮಾತು ಎಮ್ಮೆಯದೇ.
ಹಾಲು ಇಳಿಸಿ, ಸಹಿ ಹಾಕಿ, ಗೇಟು ದಾಟಿ
ಹುಣಸೆ ಮರದಡಿ ನಿಲ್ಲಿಸುತ್ತೇನೆ.
ಬಾನೆಟ್ ಎತ್ತುತ್ತೇನೆ.
ವಾಚ್‌ಮನ್ನು ದಿನವೂ ಕೇಳುತ್ತಾನೆ, 'ಮತ್ತೆ ಕೆಟ್ಟೋಯ್ತಾ?'
ಹೂಂ ಅನ್ನುತ್ತೇನೆ.
ಹತ್ತು ಕ್ಲಿಕ್ಕು ಮೇಲೆ.
ಹದಿನೆಂಟು ಕಿಲೋಮೀಟರು, ಹಿಂದಿನ ಸೀಟು ಖಾಲಿ,
ನಾಲೆ ಏರಿ ಖಾಲಿ.