ಗಾಳಿ ತೆಗಿಯೋದು

ಕಮಲಾಪುರ ದಾಟಿತ್ತು,
ಹುಮನಾಬಾದ ಇನ್ನಾ ಇಪ್ಪತ್ತು ಕಿಲೋಮೀಟರ್.
ತೊಗರಿಬ್ಯಾಳಿ ಹೇರಿದ ಗಾಡಿ ಎರಡು ಸಲ ಕೆಮ್ಮಿತು,
ಮೂರನೇದಕ್ಕ ಕೆಮ್ಮಲಿಲ್ಲ.

ಲಾಡ್ಲೆಸಾಬ ಬ್ಯಾಟರಿ ತಗೊಂಡು ಇಳದಾ,
ಟ್ಯಾಂಕಿಗಿ ಅಳತಿ ಕೋಲು ಬಿಟ್ಟು ಎತ್ತಿದಾ.
ತುದಿ ಒಣಗಿತ್ತು.
"ಬಂಕಿನ ತನಾ ಸಾಕಾಗ್ಬೇಕಿತ್ತಲ್ಲೋ" ಅಂದಾ,
ನನಗಲ್ಲ, ಕೋಲಿಗಿ.

ನಾ ಕ್ಲೀನರ್.
ಹಿಂದಿನ ರಾತ್ರಿ ರಿಂಗ್ ರೋಡಿನ ಚಹಾದಂಗಡಿ ಹಿಂದ
ನಳಿಗಿ ಬಾಯಿ ಹಚ್ಚಿ ಜಗ್ಗಿದ್ದೆ,
ಐದು ಲೀಟರ್ ಕ್ಯಾನ್.
ಬಂದ ರೊಕ್ಕದಾಗ ಒಂದು ಜೋಡ ಚಪ್ಪಲ್,
ಈಗ ಕಾಲಾಗೇ ಅವ.
ಉಗುಳಿದೆ, ಉಪ್ಪು ಹಚ್ಚಿ ತಿಕ್ಕಿದೆ,
ಮುಂಜಾನಿ ರೊಟ್ಟಿನೂ ಅದೇ ರುಚಿ, ನೀರೂ ಅದೇ ರುಚಿ.

ಡೀಸೆಲ್ ಕೈಯಾನ ಗ್ರೀಸ್ ತೊಳಿಯೋದು ಗೊತ್ತಿತ್ತು,
ಜಂಗು ಹಿಡಿದ ನಟ್ಟಿಗಿ ರಾತ್ರಿಯೆಲ್ಲಾ ನೆನಿ ಹಾಕೋದು ಗೊತ್ತಿತ್ತು,
ಮೋರಿಗಿ ಸುರುವಿದ್ರ ಸೊಳ್ಳಿ ಸಾಯ್ತಾವಂತ
ಅವ್ವ ಒಂದು ಬಾಟ್ಲಿ ಕೇಳಿದ್ಳು.
ಬಾಯಾಗ ಹಿಂಗ ಮನಿ ಮಾಡ್ತದಂತ ಗೊತ್ತಿರಲಿಲ್ಲ.

ಶಹಾಬಾದ ಪರ್ಸಿ ಹೇರಿದ ಲಾರಿ ಒಂದು ನಿಂತು
ಐದು ಲೀಟರ್ ಕೊಟ್ಟು ಹೋಯ್ತು.
ಸುರುವಿದ್ರೂ ಗಾಡಿ ಏಳಲಿಲ್ಲ.
"ಖಾಲಿ ಪೈಪಿನ್ಯಾಗ ಗಾಳಿ ಹೊಕ್ಕದ.
ಈ ಎಂಜಿನ್ನಿಗಿ ಕಿಡಿ ಬ್ಯಾಡ, ಕಡ್ಡಿ ಬ್ಯಾಡ,
ಒತ್ತಿದ್ರ ಸಾಕು, ತನ್ನ ಕಾವಿಗಿ ತಾನೇ ಹತ್ಕೋತದ.
ಪೈಪಿನ್ಯಾಗ ಗಾಳಿ ಇತ್ತಂದ್ರ
ಒತ್ತಿದ್ದೆಲ್ಲಾ ಗಾಳ್ಯಾಗೇ ಹೋಗ್ತದ."
ಸ್ಕ್ರೂ ಸಡ್ಲ ಮಾಡಿ, ಪಂಪಿನ ಗುಂಡಿ ತೋರಿಸಿ
"ಒತ್ತು" ಅಂದಾ.

ಒತ್ತಿದೆ. ಬುರುಗು.
ಒತ್ತಿದೆ. ಬುರುಗು.
ಬ್ಯಾಟರಿ ಹಿಡದು ಬಗ್ಗಿದ್ದಾ,
ಅವನ ಮಾರಿ ನನ್ನ ಮಾರಿ ಬಾಜೂಕ,
ಉಸುರು ಹಿಡಕೊಂಡೇ ಒತ್ತಿದೆ.
"ಉಸುರು ಬಿಡಲೇ, ಸಾಯ್ತಿ."
ಬಿಟ್ಟೆ.

ಒಂದು ಗಳಿಗಿ ಬ್ಯಾಟರಿ ಅಲುಗಾಡಲಿಲ್ಲ.

ಗುಳ್ಳಿ ಸಣ್ಣಾದವು, ತಡದು ತಡದು ಬಂದವು,
ಆಮ್ಯಾಲ ಬರೇ ಎಣ್ಣಿ,
ಬೆಳಕಿನ್ಯಾಗ ತಿಳಿ ಪಾನಕದ ಬಣ್ಣ.
"ಹಾಂ, ಬಿಗಿ ಮಾಡು."

ಗಾಡಿ ಎದ್ದಿತು, ಕನ್ನಡಿ ಗಡಗಡ ನಡುಗಿತು.
ಗೇರ್ ಹಾಕೂ ಮೊದಲ
ಕಿಸೆದಾಗಿಂದ ಬೆಲ್ಲದ ಚೂರು ತೆಗೆದು ಕೊಟ್ಟಾ:
"ಬಾಯಾಗ ಇಟ್ಕೋ. ಮೂರು ದಿನಕ್ಕ ಹೋಗ್ತದ."
ಮತ್ತೇನೂ ಕೇಳಲಿಲ್ಲ,
ಆ ರಾತ್ರಿನೂ, ಆಮ್ಯಾಲಿನ ಆರು ವರ್ಷನೂ.

ಚಪ್ಪಲ್ ಹರದು ಎಷ್ಟೋ ದಿನಾತು.
ಮಾಲಕನ ವಹಿಯೊಳಗ ಆ ಐದು ಲೀಟರ್
ಯಾರ ಹೆಸರಿಗಿ ಬರ್ಸಿದನೋ.